ಪಚ್ಚ ಅಂದರೆ ಹಸಿರು

ನನಗೆ ತೆಲುಗು ಬರುತ್ತದೆ ಎಂಬ ಜಂಬ ಹನ್ನೆರಡನೆಯ ವಯಸ್ಸಿಗೇ ತಲೆಗೇರಿತ್ತು. ನಾವು ಮಾಲೂರು ತಾಲ್ಲೂಕಿನ ಲಕ್ಕೂರಿನ ಕಡೆಯವರು. ಅಪ್ಪನಿಗಾಗಲಿ ಅಮ್ಮನಿಗಾಗಲಿ ತೆಲುಗು ಎಂದರೆ ಸಂತೆಯಲ್ಲಿ ಕಿವಿಗೆ ಬಿದ್ದಷ್ಟೇ. ಅಕ್ಕನನ್ನು ಮಾತ್ರ ಶ್ರೀನಿವಾಸಪುರದ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು, ಅಲ್ಲಿ ಮನೆಮಾತೇ ತೆಲುಗು. ಹೊಸ ಜಾಗದಲ್ಲಿ ಜೊತೆಗಿರಲಿ ಎಂದು ಎಂಟು ವರ್ಷದ ನನ್ನನ್ನೂ ನಾಲ್ಕು ತಿಂಗಳು ಅವಳೊಂದಿಗೆ ಬಿಟ್ಟಿದ್ದರು. ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ನಾನು ಊರಿಗೆ ಬಂದು ನಾಲ್ಕು ವರ್ಷ ಮೆರೆಸಿದೆ. ಬಳೆಗಾರ ಬಂದರೆ ತೆಲುಗು, ಕಂಬಳಿ ಮಾರುವವ ಬಂದರೆ ತೆಲುಗು. ಮನೆಯವರೆಲ್ಲ ನನ್ನ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಆ ಬಾಯಿ ಅಕ್ಕನಿಗೆ ಏನು ಮಾಡಿತು ಎಂಬುದನ್ನು ನಾನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ.

ಅಕ್ಕನ ಸಂಕಟ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ಹೆರಿಗೆಗೆಂದು ತವರಿಗೆ ಬಂದಳು, ಹುಟ್ಟಿದ ಮಗು ಅಳಲೇ ಇಲ್ಲ. ಮೊದಲನೆಯದೂ ಹಾಗೆಯೇ ಆಗಿತ್ತು. ಬಾಣಂತನ ಮುಗಿದ ಮೇಲೆ ಗಂಡನ ಮನೆಯವರು ಸೀರೆ ಕುಪ್ಪಸ ತಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೆಣ್ಣು ತಾನಾಗಿಯೇ ಹೊರಟರೆ ಅವಳಿಗೂ ಮರ್ಯಾದೆ ಇಲ್ಲ, ತವರಿಗೂ ಇಲ್ಲ. ಐದನೆಯ ತಿಂಗಳಿಗೆ ಬಂದಾರು ಎಂದುಕೊಂಡೆವು. ಆಮೇಲೆ ಸುಗ್ಗಿ ಮುಗಿಸಿಕೊಂಡು ಬಂದಾರು ಎಂದುಕೊಂಡೆವು. ಒಂದೂವರೆ ವರ್ಷ ಕಳೆಯಿತು. ಬೀದಿಯಲ್ಲಿ ಗಾಡಿಯ ಸದ್ದಾದರೆ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲ ಮರೆಗೆ ಬಂದು ನಿಲ್ಲುತ್ತಿದ್ದಳು. ಗಾಡಿ ಮುಂದಕ್ಕೆ ಹೋದರೆ ಮತ್ತೆ ಬಂದು ಕೂರುತ್ತಿದ್ದಳು. ಭಾವನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರಂತೆ ಎಂಬ ಸುದ್ದಿಯೂ ಬಂತು. ಅಮ್ಮ ಅದನ್ನು ತಂದವಳ ಮೇಲೆಯೇ ಹರಿಹಾಯ್ದಳು. ಅಕ್ಕ ಅನ್ನ ಬಿಟ್ಟಳು. ಅವಳಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವಳ ಕೈಗೆ ಒಂದು ಕೆಲಸವಿತ್ತು, ಅದರಿಂದ ಉಸಿರು ಹಿಡಿದುಕೊಂಡಿದ್ದಳು. ಮದುವೆಗೆ ಮುಂಚೆ ಮಾಲೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಕ್ರೋಶಾ ಕಲಿತಿದ್ದಳು. ಕೊಕ್ಕೆಯ ಕಡ್ಡಿಯಲ್ಲಿ ಬಿಳಿ ನೂಲು ಹೆಣೆದು ಅಂಚು, ಮುಚ್ಚಿಗೆ, ಹಾಸು ಮಾಡುವುದು ಊರಿನ ಇನ್ನಿಬ್ಬರಿಗೂ ಬರುತ್ತಿತ್ತು. ಆದರೆ ಹೆಣೆದ ಬಟ್ಟೆಯ ಮೇಲೆ ಮತ್ತೆ ಸೂಜಿಯಿಂದ ಬಣ್ಣದ ಚಿತ್ತಾರ ಕೂರಿಸುವುದು ಅಕ್ಕನೊಬ್ಬಳಿಗೇ ಗೊತ್ತು. ಒಂದು ಎಳೆ ಹೀಗೆ ಓರೆ, ಅದರ ಮೇಲೆ ಇನ್ನೊಂದು ಎಳೆ ಹಾಗೆ ಓರೆ, ಅಷ್ಟೇ ಹೊಲಿಗೆ. ಟೀಚರಮ್ಮ ಅದನ್ನು ಕ್ರಾಸು ಹೊಲಿಗೆ ಅನ್ನುತ್ತಿದ್ದರಂತೆ. ಅಪ್ಪ ಮಾತ್ರ, "ಏನಮ್ಮ, ಇವತ್ತು ಎಷ್ಟು ಗುಣಾಕಾರ ಆಯ್ತು?" ಎಂದು ಕೇಳುತ್ತಿದ್ದರು. ಹೆಣಿಗೆಯ ಒಂದೊಂದು ಕಣ್ಣನ್ನೂ ಅಕ್ಕ ಒಂದು ಮನೆ ಅನ್ನುತ್ತಿದ್ದಳು. ಒಂದು ಮನೆಗೆ ಒಂದು ಹೊಲಿಗೆ. ಸೂಜಿ ನೂಲನ್ನು ಸೀಳಬಾರದು, ಎರಡು ನೂಲಿನ ನಡುವಿನ ಸಂದಿಯಲ್ಲೇ ಇಳಿದು ಸಂದಿಯಲ್ಲೇ ಏಳಬೇಕು. ಬಿಗಿಯಾಗಿ ಎಳೆದರೆ ಹೆಣಿಗೆ ಬಾಯಿ ಬಿಡುತ್ತದೆ, ಸಡಿಲ ಬಿಟ್ಟರೆ ಉಗುರಿಗೆ ಸಿಕ್ಕುತ್ತದೆ. ಮೇಲಿನ ಎಳೆಗಳೆಲ್ಲ ಒಂದೇ ಕಡೆಗೆ ವಾಲಿರಬೇಕು. ಒಂದು ತಪ್ಪಿದರೂ ಬೆಳಕಿಗೆ ಹಿಡಿದಾಗ ಅದೊಂದೇ ಕಣ್ಣಿಗೆ ಹೊಡೆಯುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ. ಮಾಘ ಮಾಸದಲ್ಲಿ ಅಪ್ಪನಿಗೆ ಕೋಲಾರದ ಕಚೇರಿಯಲ್ಲಿ ಜಮೀನಿನ ಕಾಗದದ ಕೆಲಸವಿತ್ತು. ಹಟ ಮಾಡಿ ನಾನೂ ಹೋದೆ. ಅವರು ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಗುರುತಿನ ಹೆಂಗಸೊಬ್ಬರ ಜೊತೆ ನನ್ನನ್ನು ಕೋಲಾರಮ್ಮನ ಗುಡಿಗೆ ಕಳಿಸಿದರು. ಗುಡಿಯ ಹೊರಗೆ ಹಣ್ಣುಕಾಯಿ ಹಿಡಿದುಕೊಂಡು ಅಕ್ಕನ ಅತ್ತೆ ನಿಂತಿದ್ದರು.

ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ ಎಂದುಕೊಂಡೆ. ಅವರೇ ಹತ್ತಿರ ಬಂದು ಗದ್ದ ಹಿಡಿದು ಮಾತಾಡಿಸಿದರು. ಹೊರಡುವಾಗ ಹೇಳಿದರು: "ಮೀ ಅಕ್ಕತೋ ಚೆಪ್ಪು ಪಾಪಾ. ತಟ್ಟ ಮೀದಿಕಿ ಒಕ ಗುಡ್ಡ ಕಾವಾಲ. ಮಾಮಿಡಿಕಾಯಲು ಪಚ್ಚಗಾ ಉಂಡಾಲ. ಉಗಾದಿ ಮುಂದರೇ ಪಂಪಿಂಚು."

ತಟ್ಟೆಯ ಮೇಲೆ ಮುಚ್ಚಲು ಒಂದು ಬಟ್ಟೆ ಬೇಕು, ಮಾವಿನಕಾಯಿ ಪಚ್ಚಗೆ ಇರಬೇಕು, ಯುಗಾದಿಗೆ ಮುಂಚೆ ಕಳಿಸಿಕೊಡು. ಇದರಲ್ಲಿ ನನಗೆ ತಿಳಿಯದ ಮಾತು ಒಂದೂ ಇರಲಿಲ್ಲ. ಪಚ್ಚ ಅಂದರೆ ನಮ್ಮ ಪಚ್ಚೆ, ಹಸಿರು. ಅದರಲ್ಲೂ ಹೇಳಿದ್ದು ಮಾವಿನಕಾಯಿ, ಕಾಯಿ ಹಸಿರಲ್ಲದೆ ಇನ್ನೇನಿರುತ್ತದೆ? ಯಾಕೆ ಬೇಕು, ಯಾರಿಗೆ ಬೇಕು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಊರಿಗೆ ಹೋಗಿ ಹೇಳುವ ಆತುರದಲ್ಲಿ ಕುಣಿಯುತ್ತಿದ್ದೆ.

ಮನೆಯಲ್ಲಿ ಆ ದಿನ ಹಬ್ಬವಾಯಿತು. ಅಮ್ಮ ನನ್ನ ಬಾಯಲ್ಲಿ ಅದನ್ನು ಮೂರು ಸಲ ಹೇಳಿಸಿದಳು.

"ಹಸಿರು ಅಂದ್ರಾ? ಸರಿಯಾಗಿ ಕೇಳಿಸ್ಕೊಂಡ್ಯೇನೇ?"

"ಪಚ್ಚ ಅಂದ್ರಮ್ಮ. ಪಚ್ಚ ಅಂದ್ರೆ ಹಸಿರು. ನಂಗೆ ಗೊತ್ತಿಲ್ವಾ?"

"ನೋಡ್ರೀ," ಎಂದು ಅಮ್ಮ ಅಪ್ಪನ ಕಡೆ ತಿರುಗಿದಳು. "ಹಸಿರು ಬಳೆ, ಹಸಿರು ಕುಪ್ಪಸ. ಹುಡುಗೀನ ಕರ್ಕೊಂಡು ಹೋಗೋ ತಟ್ಟೆಗೇ ಇದು. ಬಾಯಿಬಿಟ್ಟು ಹೇಳೋಕೆ ಬಿಗುಮಾನ, ಅದಕ್ಕೆ ಹಿಂಗೆ ಹೇಳಿ ಕಳ್ಸವ್ರೆ."

ಅಪ್ಪ ಅನುಮಾನದಿಂದ ಗಡ್ಡ ಕೆರೆದುಕೊಂಡರು. ಅಕ್ಕ ಎದ್ದು ಹೋಗಿ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದು, ಒಂದೂವರೆ ವರ್ಷದಲ್ಲಿ ಮೊದಲ ಸಲ ತಾನಾಗಿಯೇ ತಟ್ಟೆ ಹಾಕಿಕೊಂಡು ಎರಡು ಮುದ್ದೆ ಉಂಡಳು. ಅದನ್ನು ನೋಡಿ ಅಮ್ಮ ಅತ್ತಳು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಕಾಲು ಚಾಚಿಕೊಂಡು ಕೂತಿದ್ದೆ.

ಯುಗಾದಿಗೆ ಆರು ವಾರವೂ ಇರಲಿಲ್ಲ. ಯುದ್ಧದಿಂದಾಗಿ ಬಿಳಿ ನೂಲಿನ ಉಂಡೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇದ್ದ ಬದ್ದ ಉಂಡೆಯ ಜೊತೆಗೆ, ಎರಡನೆಯ ಮಗುವಿಗೆಂದು ಕದ್ದುಮುಚ್ಚಿ ಹೆಣೆದಿಟ್ಟಿದ್ದ ಹೊದಿಕೆಯನ್ನು ಅಕ್ಕ ತಂದು, ತುದಿ ಹುಡುಕಿ, ಬಿಚ್ಚಲು ಶುರುಮಾಡಿದಳು. ಅಮ್ಮ ಬೇಡವೆಂದರೂ ಕೇಳಲಿಲ್ಲ. ನಾನು ನೂಲು ಸುತ್ತಿಕೊಳ್ಳುತ್ತ ಹೋದೆ. ಹಸಿರು ದಾರ ಮಾಲೂರಿನಲ್ಲೂ ಇಲ್ಲ, ಕೋಲಾರದಲ್ಲೂ ಇಲ್ಲ. ರೇಷ್ಮೆ ನೂಲು ತೆಗೆಯುವ ಮನೆಯಿಂದ ಅಪ್ಪ ಎರಡು ಲಡಿ ತಂದರು. ಒಂದನ್ನು ಬಣ್ಣದ ಪುಡಿ, ಹುಣಸೆಹುಳಿ ಹಾಕಿ ಮಡಕೆಯಲ್ಲಿ ಕುದಿಸಿದೆವು. ಒಂದು ವಾರ ಅಕ್ಕನ ಬೆರಳೆಲ್ಲ ಹಸಿರಾಗಿದ್ದವು.

ಒಂದು ಮೊಳದ ಚೌಕ ಹೆಣೆದದ್ದಾಯಿತು. ಗೀಟು ಕಾಗದದ ಮೇಲೆ ಮಾವಿನಕಾಯಿ ಬರೆದು, ಮನೆ ಎಣಿಸಿ ಹೊಲಿದರೆ, ಬಟ್ಟೆಯ ಮೇಲೆ ಅದು ಮಾವಿನಕಾಯಿಯೇ ಆಗಲಿಲ್ಲ. ಕುಂಬಳಕಾಯಿಯ ಹಾಗೆ ಅಡ್ಡಕ್ಕೆ ಬೆಳೆದು ಕೂತಿತ್ತು. ಕಾಗದದ ಮನೆ ನಾಲ್ಕು ಕಡೆಯೂ ಸಮ, ಹೆಣಿಗೆಯ ಮನೆ ಅಗಲ ಹೆಚ್ಚು, ಎತ್ತರ ಕಡಿಮೆ. ಟೀಚರಮ್ಮ ಇದನ್ನು ಹೇಳಿಕೊಟ್ಟಿದ್ದರಂತೆ, ಅವಸರದಲ್ಲಿ ಅಕ್ಕ ಮರೆತಿದ್ದಳು. ಐದು ದಿನದ ಕೆಲಸವನ್ನು ಬಿಚ್ಚಬೇಕಾಯಿತು. ಬಿಚ್ಚುತ್ತ ಅವಳು ತಲೆ ಚಚ್ಚಿಕೊಂಡು, "ನನ್ನ ಕೈಯಲ್ಲಿ ಏನೂ ನೆಟ್ಟಗೆ ಹುಟ್ಟಲ್ಲ ಕಣೇ," ಎಂದಳು. ನನಗೆ ಅದರ ಅರ್ಥವಾಯಿತು. ಆಮೇಲೆ ಎತ್ತರಕ್ಕೆ ನಾಲ್ಕು ಸಾಲು ಹೆಚ್ಚು ಸೇರಿಸಿ ಹೊಸದಾಗಿ ಬರೆದಳು. ನಾಲ್ಕು ಮೂಲೆಗೆ ನಾಲ್ಕು ಕಾಯಿ, ನಡುವೆ ಒಂದು ಗೊಂಚಲು. ಮುಗಿದಾಗ ಯುಗಾದಿಗೆ ಒಂಬತ್ತು ದಿನ ಉಳಿದಿತ್ತು.

ಅತ್ತೆ ಕಳಿಸು ಅಂದದ್ದು ಬಟ್ಟೆಯನ್ನು. ಅಮ್ಮ ಅದಕ್ಕೂ ದಾರಿ ಹುಡುಕಿದಳು. "ಅವರೇ ಕೇಳವ್ರೆ, ಕೇಳಿದ್ದೇ ಕರೆದ ಹಂಗೆ. ತಂದವಳನ್ನ ಬಾಗಿಲಲ್ಲಿ ನಿಲ್ಲಿಸಿ ಕಳಿಸ್ತಾರಾ?" ಎಂದು ಅಪ್ಪನನ್ನು ಒಪ್ಪಿಸಿದಳು. ಈಗ ನೆನೆದರೆ ಸಿಟ್ಟು ಬರುತ್ತದೆ. ಮುಳುಗುವವರು ನೀರನ್ನೇ ಹಿಡಿದುಕೊಳ್ಳುವಂತೆ ನಾವು ಆ ಮಾತನ್ನು ಹಿಡಿದುಕೊಂಡೆವು. ಅಪ್ಪ, ಅಕ್ಕ, ನಾನು ಮಾಲೂರಿನಲ್ಲಿ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲಿಗೆ ಬದಲಾಯಿಸಿ, ಶ್ರೀನಿವಾಸಪುರದಲ್ಲಿ ಇಳಿದು ನಡೆದೆವು. ದಾರಿಯ ಎರಡು ಕಡೆಯೂ ಮಾವಿನ ತೋಪು, ಕೊಂಬೆ ಕೊಂಬೆಗೂ ಎಳೆಗಾಯಿ. ಅಕ್ಕ ಹಸಿರು ಬಳೆ ತೊಟ್ಟಿದ್ದಳು. ಹೆಣಿಗೆ ಎಲ್ಲಾದರೂ ಕಿತ್ತರೆ ಇರಲಿ ಎಂದು ಸೂಜಿ, ಸಣ್ಣ ಕತ್ತರಿ, ಬಣ್ಣ ಹಾಕದೆ ಉಳಿದಿದ್ದ ರೇಷ್ಮೆಯ ಲಡಿ ಚೀಲದಲ್ಲಿದ್ದವು.

ಅತ್ತೆ ನಮ್ಮನ್ನು ನೋಡಿ ತಬ್ಬಿಬ್ಬಾದರು. ಅಪ್ಪನಿಗೆ ಜಗಲಿಯಲ್ಲಿ ಚಾಪೆ ಹಾಸಿಸಿದರು, ನೀರು ಕೊಟ್ಟರು. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಕಾಲಿಗೆ ಬಿದ್ದು ಬಟ್ಟೆಯನ್ನು ಮುಂದಿಟ್ಟಳು. ಅವರು ಬಿಡಿಸಿ ನೋಡಿದರು. ಅಂಚು ನೋಡಿ ಮುಖ ಅರಳಿತು. ನಡುವನ್ನು ನೋಡಿ ಕುಗ್ಗಿತು.

"ಇದೇಮೇ, ಆಕುಪಚ್ಚ! ನೇನು ಪಸುಪುಪಚ್ಚ ಕದಾ ಚೆಪ್ಪಿಂದಿ!"

ಅವರ ತೆಲುಗಿನಲ್ಲಿ ಎಲೆಯ ಬಣ್ಣವೂ ಪಚ್ಚ, ಅರಿಸಿನದ ಬಣ್ಣವೂ ಪಚ್ಚ, ಮಾವು ಮಾಗಿದರೂ ಮಾಮಿಡಿಕಾಯಿಯೇ. ಅವರಿಗೆ ಬೇಕಾಗಿದ್ದದ್ದು ಹಳದಿ, ಮಾಗಿದ ಮಾವು. ನಾಲ್ಕು ತಿಂಗಳ ತೆಲುಗಿಗೆ ಅಷ್ಟು ಆಳ ಇರಲಿಲ್ಲ. ಅಪ್ಪನಿಗೂ ತಿಳಿಯಲೆಂದೋ ಏನೋ, ಅವರು ಕನ್ನಡಕ್ಕೆ ತಿರುಗಿದರು: "ಅರಿಸಿನ ಕುಂಕುಮದ ತಟ್ಟೆ ಮೇಲೆ ಈ ಎಲೆ ಬಣ್ಣ ಮುಚ್ಕೊಂಡು ಹೋದ್ರೆ ದೇವರಾಯಸಮುದ್ರದೋರು ನಗಲ್ವಾ? ಮೂರನೇ ದಿನಕ್ಕೆ ಹುಡುಗಿಗೆ ಹೂ ಮುಡಿಸೋಕೆ ಹೋಗ್ಬೇಕು."

ನಮ್ಮ ಕಿವಿಗೆ ಬಿದ್ದಿದ್ದ ಆ ಇನ್ನೊಂದು ಹೆಣ್ಣಿನ ಸುದ್ದಿ ನಿಜವಾಗಿತ್ತು. ಅಪ್ಪ ಚಾಪೆಯಿಂದ ಎದ್ದು ನಿಂತರು. "ನನ್ನ ಮಗಳ ಕೈಲೇ ಮಾಡಿಸ್ಕೊಂಡ್ರಾ ಇದನ್ನ?" ಎಂದರು. ಅತ್ತೆಯ ಮುಖದಲ್ಲಿ ನಾಚಿಕೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಇತ್ತು. "ನಮ್ ಕಡೆ ಯಾರಿಗೂ ಬರಲ್ಲ ಈ ಕೆಲಸ. ಬಟ್ಟೆ ಮಾತ್ರ ಕಳ್ಸಿ ಅಂದಿದ್ದೆ. ಇವಳು ಬರ್ತಾಳೆ ಅಂತ ಕಂಡಿದ್ನಾ?" ಎಂದರು.

ಅಪ್ಪ ಅಕ್ಕನ ರಟ್ಟೆ ಹಿಡಿದು "ಏಳಮ್ಮ, ಹೋಗಣ" ಎಂದರು. ಅಕ್ಕ ಏಳಲಿಲ್ಲ. ನೆಲ ನೋಡುತ್ತ ಕೂತಿದ್ದವಳು ತಲೆಯೆತ್ತಿ, ಅತ್ತೆಯನ್ನು ನೋಡಿ, ಸಾಮಾನ್ಯ ದನಿಯಲ್ಲಿ ಹೇಳಿದಳು: "ಅತ್ತೆಮ್ಮ, ಹಸಿರು ಕಿತ್ತು ಹಳದಿ ಹಾಕ್ಬೋದು. ಎರಡು ದಿನ ಬೇಕು. ಇಲ್ಲೇ ಕೂತು ಮಾಡ್ಕೊಡ್ತೀನಿ."

ಅಪ್ಪ ಕೈ ಬಿಟ್ಟರು. ಅವರು ಮಗಳಿಗೆ ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನ್ನನ್ನು ಅವಳ ಹತ್ತಿರ ಬಿಟ್ಟು, ಆ ಮನೆಯ ಇನ್ನೊಂದು ತೊಟ್ಟು ನೀರೂ ಬೇಡವೆಂದು, ಶ್ರೀನಿವಾಸಪುರದಲ್ಲಿ ಗುರುತಿನವರ ಮನೆಯಲ್ಲಿರುತ್ತೇನೆ ಎಂದು ಹೇಳಿ ಹೋದರು.

ಆ ಎರಡು ದಿನ ನಾನು ಕಂಡದ್ದನ್ನು ಯಾವ ವೈರಿಯೂ ಕಾಣಬಾರದು. ಅಕ್ಕ ತಾನೇ ಅಡುಗೆಮನೆಗೆ ಹೋಗಿ, ತನಗೆ ಗೊತ್ತಿದ್ದ ಗೂಡಿನಿಂದಲೇ ಅರಿಸಿನ ತೆಗೆದು, ನೀರಲ್ಲಿ ಕದಡಿ, ಬಿಳಿ ಲಡಿಯನ್ನು ಅದರಲ್ಲಿ ಕುದಿಸಿದಳು. ಅರಿಸಿನದ ಬಣ್ಣ ನಿಲ್ಲುವುದಿಲ್ಲ, ನಾಲ್ಕು ಬಿಸಿಲು ಕಂಡರೆ ಹೋಗುತ್ತದೆ. ಹೋಗಲಿ ಎಂದುಕೊಂಡೆ. ಅವಳು ಅತ್ತೆಯನ್ನು ಕೇಳಿ ಪಟಿಕ ತರಿಸಿ ಹಾಕಿದಳು, ಬಣ್ಣ ಗಟ್ಟಿ ಕೂರಲೆಂದು. ನನ್ನ ಮೈ ಉರಿದುಹೋಯಿತು. "ನಿಂಗೇನ್ ಬಂದಿರೋದೇ ಅಕ್ಕ? ಆ ಸವತಿ ತಟ್ಟೆಗೆ ಪಟಿಕ ಬೇರೆ ಕೇಡು!" ಎಂದು ಅವಳ ಕಿವಿಯಲ್ಲಿ ಬೈದೆ. "ಸುಮ್ನಿರೇ. ಕೆಟ್ಟದಾಗಿ ಮಾಡಿದ್ರೆ ಇಲ್ಲಿ ಕೂರೋಕೆ ಬಿಡ್ತಾರಾ?" ಎಂದಳು.

ಜಗಲಿಯಲ್ಲಿ ಕೂತು ಹಸಿರು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಎಳೆ ಎಳೆ ಕೂಡುವ ಜಾಗದಲ್ಲಿ ಕತ್ತರಿಯ ತುದಿ ತೂರಿಸಿ, ರೇಷ್ಮೆ ಮಾತ್ರ ಕತ್ತರಿಸಬೇಕು. ಕೆಳಗಿನ ಬಿಳಿ ನೂಲಿಗೆ ತಗುಲಿದರೆ ಹೆಣಿಗೆ ಸಾಲು ಸಾಲೇ ಬಿಚ್ಚಿಕೊಳ್ಳುತ್ತದೆ. ಒಂದು ಸಲವೂ ತಗುಲಲಿಲ್ಲ. ಹಸಿರು ಹೋದ ಮನೆಗಳಲ್ಲಿ ಅದರ ಕಲೆ ಸ್ವಲ್ಪ ಉಳಿದಿತ್ತು. ಅದರ ಮೇಲೆಯೇ ಹಳದಿಯನ್ನು ಮುಚ್ಚಿ ಹೊಲಿದಳು. ಅತ್ತೆ ಬಂದು ಬಂದು ನೋಡಿ ಹೋಗುತ್ತಿದ್ದರು. ಎರಡನೆಯ ದಿನ ಅವರೇ ಅವಳಿಗೆ ಮಜ್ಜಿಗೆ ತಂದುಕೊಟ್ಟರು. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ನಡುನಡುವೆ ಎದ್ದು ಎಮ್ಮೆಗೆ ಹುಲ್ಲು ಹಾಕಿದಳು, ಒಣಗಿದ ಬಟ್ಟೆ ಮಡಿಸಿದಳು, ಭಾವನ ಪಂಚೆ ಯಾವ ಗಳುವಿನ ಮೇಲಿರಬೇಕೋ ಅಲ್ಲಿಯೇ ಹಾಕಿದಳು. ಇವಳು ಇರುವುದು ಹೀಗೆ ಒಗ್ಗಿಹೋದರೆ ಮೂರನೆಯ ದಿನ ಹೋಗು ಅನ್ನಲು ಅವರಿಗೆ ಬಾಯಿ ಬಾರದೇನೋ ಎಂದು ಅವಳು ನಂಬಿದ್ದಳು. ಹೇಳಲಿಲ್ಲ, ಆದರೆ ನನಗೆ ಕಾಣುತ್ತಿತ್ತು. ನಾನೂ ನಂಬತೊಡಗಿದ್ದೆ.

ಭಾವ ಮೊದಲ ದಿನ ಹಿತ್ತಲ ಬಾಗಿಲಿನಿಂದಲೇ ಬಂದು ಹೋದರು. ಎರಡನೆಯ ದಿನ ಮಧ್ಯಾಹ್ನ ಜಗಲಿ ಹತ್ತಬೇಕಾಯಿತು. ಅಕ್ಕ ಸೂಜಿ ನಿಲ್ಲಿಸಿದಳು. ಅವರು ಬಟ್ಟೆಯನ್ನು ನೋಡಿದರು, ಅವಳ ಹಳದಿ ಬೆರಳುಗಳನ್ನು ನೋಡಿದರು. "ಊಟ ಆಯ್ತಾ?" ಎಂದರು. ಅವಳು "ಆಯ್ತು" ಎಂದಳು. ಒಳಗೆ ಹೋದರು. ಊಟ ಆಗಿರಲಿಲ್ಲ, ಆ ಹೊತ್ತಿನವರೆಗೆ ಅವಳು ಮಜ್ಜಿಗೆ ಬಿಟ್ಟು ಏನೂ ಮುಟ್ಟಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಬಟ್ಟೆ ಮುಗಿದಿತ್ತು. ಅಷ್ಟು ಚೆಂದದ ಕೆಲಸವನ್ನು ಅವಳು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಅಪ್ಪ ಬಂದು ಬೀದಿಯಲ್ಲೇ ನಿಂತಿದ್ದರು. ದೇವರಾಯಸಮುದ್ರಕ್ಕೆ ಹೊರಡಲು ಆ ಮನೆಯವರು ಗಾಡಿ ಕಟ್ಟುತ್ತಿದ್ದರು. ಅಕ್ಕ ಬಾಗಿಲ ಒಳಗೆ ಗೋಡೆಗೆ ಒರಗಿ, ಅತ್ತೆ ಏನನ್ನುತ್ತಾರೋ ಎಂದು ಕಾಯುತ್ತಿದ್ದಳು. ಅತ್ತೆ ಒಳಗಿನಿಂದ ಒಂದು ತಟ್ಟೆ ಹಿಡಿದು ಬಂದರು. ಅದರಲ್ಲಿ ಅರಿಸಿನ, ಕುಂಕುಮ, ಎಲೆ ಅಡಿಕೆ, ಒಂದು ಕುಪ್ಪಸದ ಕಣ.

"ತಗೊಳ್ಳಮ್ಮ, ಹೋಗಿ ಬಾ," ಎಂದರು.

ಅದರಲ್ಲಿ ಒಂದು ಬಿರುಸು ಮಾತಿರಲಿಲ್ಲ. ಪ್ರೀತಿಯಿಂದಲೇ ಅಂದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ಮನೆಗೆ ಬಂದ ಮುತ್ತೈದೆಗೆ ಹೊರಡುವಾಗ ಕುಂಕುಮ ಕೊಡುತ್ತಾರೆ, ಮನೆಯ ಸೊಸೆಗೆ ಯಾರೂ ಹಾಗೆ ಕೊಟ್ಟು ಕಳಿಸುವುದಿಲ್ಲ. ಅಕ್ಕ ತಟ್ಟೆಯನ್ನು ನೋಡಿದಳು. ಸ್ವಲ್ಪ ಹೊತ್ತು ಕೈ ಚಾಚಲಿಲ್ಲ. ಆಮೇಲೆ ಹಣೆಗೆ ಇಟ್ಟುಕೊಂಡು, ಸೆರಗೊಡ್ಡಿ ಎಲೆ ಅಡಿಕೆ, ಕಣ ತೆಗೆದುಕೊಂಡು, ಮೆಟ್ಟಿಲಿಳಿದಳು.

ಸಣ್ಣ ರೈಲಿನಲ್ಲಿ ಅಪ್ಪ ದೂರ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ನಂದೇ ತಪ್ಪು ಕಣಕ್ಕ. ಹಳದಿ ಅಂತ ಹೇಳಿದ್ದಿದ್ರೆ ಇದೇನೋ ಮದ್ವೆ ತಟ್ಟೆ ಅಂತ ಅಮ್ಮಂಗೆ ಅಲ್ಲೇ ಗೊತ್ತಾಗ್ತಿತ್ತು. ನೀನು ಇಷ್ಟು ದೂರ ಬಂದು ಹಿಂಗೆ ಆಗ್ತಾನೇ ಇರ್ಲಿಲ್ಲ," ಎಂದು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.

ಅವಳು ನನ್ನ ಜಡೆ ಸವರಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ.

"ಒಳ್ಳೇದೇ ಆಯ್ತು ಕಣೇ," ಎಂದಳು. "ನೀನು ಸರಿಯಾಗಿ ಹೇಳಿದ್ದಿದ್ರೆ ನಂಗೆ ಈ ಎರಡು ದಿನಾನೂ ಸಿಗ್ತಿರ್ಲಿಲ್ಲ."

ಅವಳು ಆಮೇಲೆ ನಮ್ಮ ಮನೆಯಲ್ಲಿಯೇ ನಲವತ್ತು ವರ್ಷ ಬದುಕಿದಳು. ನನ್ನ ತಪ್ಪಿನ ಮಾತನ್ನು ಒಂದು ಸಲವೂ ಎತ್ತಲಿಲ್ಲ. ನನ್ನ ಮಕ್ಕಳಿಗೆ ಗಂಡನ ಮನೆಯ ಕಥೆ ಹೇಳುವಾಗ ಮಾತ್ರ ಆ ಎರಡು ದಿನದ್ದನ್ನೇ ಹೇಳುತ್ತಿದ್ದಳು. ಎಮ್ಮೆ ಅವಳ ಗುರುತು ಹಿಡಿದದ್ದು, ಅತ್ತೆ ಮಜ್ಜಿಗೆ ಕೊಟ್ಟದ್ದು, ಭಾವ ಊಟ ಆಯ್ತಾ ಎಂದು ಕೇಳಿದ್ದು. ಕೇಳುವ ಮಕ್ಕಳು ಅವಳು ಅಲ್ಲಿ ಬಹಳ ವರ್ಷ ಸುಖವಾಗಿ ಬಾಳಿದಳೆಂದೇ ತಿಳಿದಿದ್ದರು, ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.